ಕಿಡಿಯ ರೆಕ್ಕೆ

"ಯಾರೂ ಉಸಿರಾಡಬೇಡಿ!" ದಯಾನಾ ಪಿಸುಗುಟ್ಟಿದಳು.

"ಉಸಿರಾಡದೆ ಸತ್ತುಹೋದ್ರೆ ನಿನ್ನ ಫೋಟೋ ನೋಡೋರು ಯಾರೇ?" ಎಂದಳು ಸೋಯ್ಲಾ ಅಜ್ಜಿ, ಅಡುಗೆಮನೆ ಕಿಟಕಿಯಿಂದ. ಬೆಂದ ಬಾಳೆಕಾಯಿ ಜಜ್ಜುತ್ತಿದ್ದ ಕೈ ಮಾತ್ರ ನಿಲ್ಲಲಿಲ್ಲ.

ಅಂಗಳದಲ್ಲಿ ಕೋಲಿಗೆ ಕಟ್ಟಿದ ಒಂದೇ ಒಂದು ಕೆಂಪು ಹೂವು. ಅದರ ಸುತ್ತ ನಾಲ್ಕು ಫ್ಲ್ಯಾಶ್, ಹಿಂದೆ ಹಸಿರು ಬಳಿದ ಹಲಗೆ. ಹೂವಿನೊಳಗೆ ದಯಾನಾ ಸಿರಿಂಜಿನಲ್ಲಿ ಸಕ್ಕರೆನೀರು ತುಂಬಿದ್ದಳು. ಸಾಮಾನೆಲ್ಲ ಅನ್ಸೆಲ್ಮೊ ಮಾಮನದು. ಪ್ರವಾಸಿಗರಿಗೆ ಹಮ್ಮಿಂಗ್‌ಬರ್ಡ್ ಫೋಟೋ ತೆಗೆಸುವುದೇ ಅವನ ಕೆಲಸ. ಊಟ ಮುಗಿದ ಕೂಡಲೇ ಎಲ್ಲ ಕಟ್ಟಿಕೊಂಡು ಹೊರಡುವವನು, ಸದ್ಯಕ್ಕೆ ಮುಖದ ಮೇಲೆ ಟೋಪಿ ಇಟ್ಟುಕೊಂಡು ಜೋಲಿಯಲ್ಲಿ ಮಲಗಿದ್ದ.

ಇವರು ಕಾಯುತ್ತಿದ್ದ ಕಿಡಿ ಅಂದರೆ ಅಜ್ಜಿಯ ಮುದ್ದಿನ ಹಮ್ಮಿಂಗ್‌ಬರ್ಡ್. ಹೆಬ್ಬೆರಳಿನಷ್ಟಿದೆ. ನಮ್ಮ ಈಕ್ವೆಡಾರಿನಲ್ಲಿ ಉಣ್ಣುವವರ ಪಕ್ಕ ಹಾದುಹೋಗುವಾಗ "ನಿಧಾನಕ್ಕೆ ಊಟ ಮಾಡಿ" ಅನ್ನದೆ ಯಾರೂ ಮುಂದೆ ಹೋಗುವುದಿಲ್ಲ. ಅಜ್ಜಿ ಹಕ್ಕಿಗೂ ಹಾಗೇ ಹೇಳುವವಳು! ದಯಾನಾಗೆ ನಾಚಿಕೆಯೋ ನಾಚಿಕೆ.

"ಇಷ್ಟು ವರ್ಷ ಕಿಡಿಗೆ ಉಣ್ಣಿಸಿದೀನಿ, ಅವಳ ರೆಕ್ಕೆ ಒಂದು ಸಲಾನೂ ಕಂಡಿಲ್ಲ. ಅಷ್ಟು ಜೋರಾಗಿ ಬಡೀತಾಳೆ, ಬರೀ ಹೊಗೆ!" ಎಂದಿದ್ದಳು ಅಜ್ಜಿ. "ನಾನು ತೋರಿಸ್ತೀನಿ" ಎಂದು ದಯಾನಾ ಮಾತು ಕೊಟ್ಟಿದ್ದಳು.

ಅದಕ್ಕೇ ತೋಟದಲ್ಲಿ ಹಕ್ಕಿಗಳಿಗೆಂದು ತೂಗುಹಾಕುವ ಸಕ್ಕರೆನೀರಿನ ಬಾಟಲಿಗಳೆಲ್ಲ ಈಗ ಒಳಗಿದ್ದವು. ಮಾಮನೂ ಹಾಗೆ ಎತ್ತಿಡುತ್ತಾನೆ, ಆದರೆ ಸ್ವಲ್ಪ ಹೊತ್ತು. ಇವಳು ಬೆಳಗ್ಗೆ ಎತ್ತಿಟ್ಟವಳು ವಾಪಸ್ ಹಾಕಿಯೇ ಇರಲಿಲ್ಲ. ಬೇರೆಲ್ಲೂ ಊಟ ಸಿಗದಿದ್ದರೆ ಕಿಡಿ ಹೂವಿಗೇ ಬರಬೇಕಲ್ಲ?

ಗುಂಯ್! ಫಳಕ್!

"ಛೀ, ಮತ್ತೆ ಇವನೇ!"

ಬಂದಿದ್ದು ಜನರಲ್. ಉದ್ದ ಬಾಲದ, ಮಹಾ ಜಗಳಗಂಟ ಹಕ್ಕಿ. ಫ್ಲ್ಯಾಶಿನ ಮಿಂಚಿಗೆ ಅವನ ರೆಕ್ಕೆ ಫೋಟೋದಲ್ಲಿ ಚೆನ್ನಾಗಿ ನಿಂತಿತ್ತು. ಆದರೆ ಹೂವಿನ ಹತ್ತಿರ ಬಂದ ಬೇರೆ ಹಕ್ಕಿಗಳನ್ನೆಲ್ಲ ಅವನು ಅಟ್ಟಿಸಿಕೊಂಡು ಹೋಗುತ್ತಿದ್ದ.

"ಅವನ ಮದುವೆ ಆಲ್ಬಮ್ ಮಾಡ್ತಿದೀಯಾ?" ಟೋಪಿಯ ಅಡಿಯಿಂದ ಮಾಮ ಕೇಳಿದ.

"ದಯಾನಾ, ಅಲ್ಲಿ ನೋಡೇ," ಎಂದಳು ಅಜ್ಜಿ. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಬಟ್ಟೆ ಒಣಹಾಕುವ ಹಗ್ಗದ ಮೇಲೆ ಕಿಡಿ ಗರಿ ಉಬ್ಬಿಸಿಕೊಂಡು ಕೂತಿತ್ತು. ಕಣ್ಣು ಅರ್ಧ ಮುಚ್ಚಿತ್ತು.

"ಬರುತ್ತೆ ಅಜ್ಜಿ, ಸುಮ್ನಿರು!"

"ಎಲ್ಲಿಂದ ಬರುತ್ತೆ, ಆ ರೌಡಿ ಬಿಡ್ತಾನಾ? ಘಳಿಗೆಗೊಂದು ಸಲ ತಿನ್ನೋ ಜೀವ ಅದು. ನೀನಾದ್ರೆ ಬೆಳಗ್ಗೆ ಎರಡೆರಡು ಸಲ ಬಡಿಸ್ಕೊಂಡೆ."

ದಯಾನಾಗೆ ಕೋಪ ಬಂತು. ಆಮೇಲೆ ಅಳು ಬಂತು. ಬಾಟಲಿ ಹಾಕಿಬಿಟ್ಟರೆ ಒಂಟಿ ಹೂವಿಗೆ ಯಾರು ಬರುತ್ತಾರೆ? ಮಾಮ ಬೇರೆ ಎದ್ದು ಶೂ ಹಾಕಿಕೊಳ್ಳುತ್ತಿದ್ದ. ಅವಳು ಮತ್ತೆ ಹಗ್ಗದ ಕಡೆ ನೋಡಿದಳು. ಕಿಡಿ ಅಲ್ಲಾಡಲಿಲ್ಲ.

ಕ್ಯಾಮೆರಾ ಬಿಟ್ಟು ಅವಳು ಒಳಗೆ ಓಡಿದಳು. ಬಾಟಲಿಗಳನ್ನು ತಂದು ಒಂದೊಂದನ್ನೇ ತೂಗುಹಾಕಿದಳು. ಕೊನೆಯದನ್ನು ಕಟ್ಟುವಷ್ಟರಲ್ಲಿ ತೋಟವೆಲ್ಲ ಗುಂಯ್‌ಗುಟ್ಟಿತು. ಪಾಪ, ಜನರಲ್‌ಗೆ ತಲೆ ಕೆಟ್ಟುಹೋಯಿತು! ಇಲ್ಲಿ ಓಡಿಸಿದರೆ ಅಲ್ಲಿ ಕುಡಿಯುತ್ತಾರೆ, ಅಲ್ಲಿ ಓಡಿಸಿದರೆ ಇಲ್ಲಿ. ಹೂವಿನ ಕಾವಲು ಅವನಿಗೆ ಮರೆತೇಹೋಯಿತು.

"ದಯಾನಾ," ಮಾಮ ಮೆಲ್ಲಗೆ ಕರೆದ. "ಹೂವು."

ಕಿಡಿ! ಹಗ್ಗದಿಂದ ಇಳಿದು ನೇರ ಹೂವಿಗೇ ಬಂದಿತ್ತು. ದಯಾನಾ ತುದಿಗಾಲಲ್ಲಿ ಬಂದು ಬಟನ್ ಒತ್ತಿದಳು. ಫಳಕ್!

ಅಜ್ಜಿ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಕ್ಯಾಮೆರಾ ನೋಡಿದಳು. ಹೊಗೆ ಇರಲಿಲ್ಲ. ಗರಿಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತಿದ್ದವು.

"ಅಯ್ಯೋ ನನ್ನ ಬಂಗಾರ! ಇಷ್ಟೇ ಇಷ್ಟು ರೆಕ್ಕೇಲಿ ಅಷ್ಟೊಂದು ಹಾರ್ತೀಯಾ? ನೋಡೇ, ಒಂದು ಗರಿ ಮುರಿದುಹೋಗಿದೆ." ಅಜ್ಜಿಯ ಕಣ್ಣು ತುಂಬಿತು.

"ಫ್ಲ್ಯಾಶ್ ಇನ್ನೂ ಬಿಚ್ಚಿಲ್ಲ," ಎಂದ ಮಾಮ. "ಬಾಟಲಿ ಎತ್ತಿಡು, ಇನ್ನೊಂದು ತೆಗೆಯೋಣ. ಇದಕ್ಕಿಂತ ಚೆನ್ನಾಗಿ ಬರುತ್ತೆ."

ದಯಾನಾ ಹೂವಿನ ಕಡೆ ನೋಡಿದಳು. ಕಿಡಿ ಇನ್ನೂ ಕುಡಿಯುತ್ತಲೇ ಇತ್ತು.

"ಬೇಡ ಮಾಮ."

ಅವಳು ಖಾಲಿ ಸಿರಿಂಜ್ ಎತ್ತಿಕೊಂಡು ಅಡುಗೆಮನೆಗೆ ಹೊರಟಳು. ಹೂವಿನ ಪಕ್ಕ ಹಾದುಹೋಗುವಾಗ ಯಾರಿಗೂ ಕೇಳಿಸದಂತೆ ಹೇಳಿದಳು:

"ನಿಧಾನಕ್ಕೆ ಊಟ ಮಾಡಮ್ಮ."