ಬೂದುಕುದುರೆಗೊಂದು ಸ್ಪೀಕರ್

ಬಲು ಹಿಂದೆ, ಮೋಡ ಯಾವುದು ಕುರಿ ಯಾವುದು ಅಂತ ಬೆಟ್ಟಗಳಿಗೇ ಗೊತ್ತಾಗದಿದ್ದ ಕಾಲದಲ್ಲಿ ಎಂದು ಶುರು ಮಾಡಬಹುದಿತ್ತು. ಆದರೆ ಈ ಕಥೆ ಹೋದ ಬೇಸಿಗೆಯದು. ಮೋಡ, ಕುರಿ, ಬೆಟ್ಟ ಮಾತ್ರ ಅವೇ.

ಕುದುರೆಯ ಹಾಲು ಕರೆದು ಬದುಕುವ ಬೆಟ್ಟಸೀಮೆಯೊಂದರ ಸೋನ್‌ಕುಲ್ ಸರೋವರದ ಹುಲ್ಲುಗಾವಲಿನಲ್ಲಿ ಸಾಲ್ಕಿನ್ ಅಜ್ಜಿ ಎಂಬವಳಿದ್ದಳು. ಅವಳು ಹಾಡಿದರೆ ಮಾತ್ರ ಅವಳ ಬೂದುಕುದುರೆ ಸೊರೆ ಬಿಟ್ಟು ಹಾಲಿಳಿಸುತ್ತಿತ್ತು. ಅದು ಹಾಲು ಕೊಟ್ಟರೆ ಉಳಿದ ಹೆಣ್ಣುಕುದುರೆಗಳೂ ಕೊಡುತ್ತಿದ್ದವು. ಆ ಬೇಸಿಗೆಗೆ ಮುಂಚಿನ ಚಳಿಗಾಲದಲ್ಲಿ ಅಜ್ಜಿಗೆ ಗಂಟಲಿನ ಆಪರೇಷನ್ ಆಯಿತು. ಅಜ್ಜಿ ಉಳಿದಳು, ದನಿ ಉಳಿಯಲಿಲ್ಲ.

"ಹಾಲೇ ಇಲ್ದಿದ್ರೆ ಬೇಸಿಗೇಲೂ ಬಿಡದ ಈ ಚಳೀಲಿ ಅವ್ವ ಇಲ್ಲಿರೋದ್ಯಾಕೆ? ಊರಲ್ಲಿ ಬೆಚ್ಚಗಿರ್ಲಿ," ಎಂದ ಅಜ್ಜಿಯ ಮಗ, ಮೊಮ್ಮಗಳ ಚಿಕ್ಕಪ್ಪ.

ಅಜ್ಜಿ ಏನೂ ಹೇಳಲಾರಳು. ಬೂದುಕುದುರೆಯ ಕೇಸರದಲ್ಲಿ ಬೆರಳು ಸಿಕ್ಕಿಸಿಕೊಂಡು ನಿಂತಳು. ಅದನ್ನು ನೋಡಲಾಗದೆ ಮೊಮ್ಮಗಳು ಚೋಲ್ಪೋನ್ ಅವಳನ್ನು ತಬ್ಬಿಕೊಂಡಳು. "ನಿನ್ನ ಹಾಡು ನನ್ನ ಫೋನಲ್ಲಿದೆ ಅಜ್ಜಿ. ಗಾಳೀಲಿ ಕೇಳಿಸಲ್ಲ, ಅಷ್ಟೇ. ಕೇಳಿಸೋ ಹಾಗೆ ಮಾಡ್ತೀನಿ. ಕುದುರೆ ಹಾಲು ಕೊಡುತ್ತೆ, ಮಾತು ಕೊಡ್ತೀನಿ."

ಮಾರನೆಯ ದಿನವೇ ಅವಳು ನರಿನ್ ಪೇಟೆಗೆ ಇಳಿದಳು. ಅಂಗಡಿಯಾಗಿದ್ದ ಕಬ್ಬಿಣದ ಕಂಟೇನರ್ ಒಂದರಲ್ಲಿ ಗೋಡೆ ತುಂಬ ಸ್ಪೀಕರ್‌ಗಳು. ನಡುವೆ, ಎಲ್ಲವನ್ನೂ ಒಟ್ಟಿಗೆ ಹಾಡಿಸಿಕೊಂಡು ಕೂತಿದ್ದ ಅಂಗಡಿಯ ಹುಡುಗ ಜೊಮಾರ್ಟ್.

"ಪಾರ್ಟಿಗಾ, ಮದುವೆಗಾ?" ಎಂದ.

"ಕುದುರೆಗೆ."

"ಓ, ಕುದುರೆ ಮದುವೆಗಾ!"

ಅವಳು ನಗಲಿಲ್ಲ. ಅವನು ಪೆಟ್ಟಿಗೆಯಷ್ಟು ದೊಡ್ಡದೊಂದರ ದನಿ ಏರಿಸಿದ. ಎದುರಿನ ಚಹಾದಂಗಡಿಯಿಂದ ಹೆಂಗಸೊಬ್ಬಳು ಕೂಗಿದಳು: "ಏ ಜೊಮಾರ್ಟ್, ಬಟ್ಟಲಲ್ಲಿ ಚಹಾ ಕುಣೀತಾ ಇದೆಯಲ್ಲೋ!"

"ಬೇಡ," ಎಂದಳು ಚೋಲ್ಪೋನ್.

ಅವನು ಬಣ್ಣದ ದೀಪ ಮಿನುಗುವ ಇನ್ನೊಂದನ್ನು ತೆಗೆದ.

"ದೀಪ ಯಾಕೆ?"

"ಚಂದಕ್ಕೆ."

"ನಮ್ಮ ಕುದುರೆ ಚಂದಾನೇ ಇದೆ."

ಈಗ ಅವನು ಸೋತವನಂತೆ ನಕ್ಕ. ನಗುವಾಗ ಎಡಗಣ್ಣು ಸ್ವಲ್ಪ ಜಾಸ್ತಿ ಕಿರಿದಾಗುವುದನ್ನು ಅವಳು ನೋಡಬಾರದೆಂದುಕೊಂಡೇ ನೋಡಿದಳು.

"ಒಳಗೆ ಎಲ್ಲವೂ ಚೆನ್ನಾಗೇ ಕೇಳುತ್ತೆ. ಬನ್ನಿ, ಗಾಳಿಗೆ ಹೋಗೋಣ."

ಸೇತುವೆಯ ಈ ತುದಿಯಲ್ಲಿ ಅವನು ನಾಲ್ಕಾರು ಸ್ಪೀಕರ್ ಸಾಲಾಗಿಟ್ಟು, ಅವಳ ಫೋನಿನ ಹಾಡನ್ನು ಒಂದೊಂದರಲ್ಲೂ ಹಾಕಿದ. ಆ ತುದಿಯಲ್ಲಿ ಅವಳು ನಿಂತಳು. ಅಜ್ಜಿಯ ಹಾಡು ಒಂದರಲ್ಲಿ ಒಡೆಯಿತು, ಒಂದರಲ್ಲಿ ನದಿಯ ಸದ್ದಿನೊಳಗೆ ಮುಳುಗಿತು. ರೊಟ್ಟಿಯಷ್ಟಗಲದ ಕಂದುಬಣ್ಣದ್ದೊಂದರಲ್ಲಿ ಮಾತ್ರ ಅಜ್ಜಿ ಉಸಿರು ತೆಗೆದುಕೊಂಡದ್ದೂ ಕೇಳಿಸಿತು. ಅವಳು ಕೈ ಎತ್ತಿದಳು. ಅವನು ನೋಡಲೇ ಇಲ್ಲ. ತಲೆ ಬಾಗಿಸಿ ಹಾಡು ಕೇಳುತ್ತಿದ್ದ.

"ಇದನ್ನ ಕೇಳಿದ್ರೆ ನಾನೂ ಹಾಲು ಕೊಡ್ತಿದ್ದೆ," ಎಂದ ಕೊನೆಗೆ. ಆಗ ಅವಳು ನಕ್ಕುಬಿಟ್ಟಳು.

ಕಂದು ಸ್ಪೀಕರ್ ಕೊಂಡು ಹುಲ್ಲುಗಾವಲಿಗೆ ಮರಳಿ, ಮರಿಯನ್ನು ತಾಯಿ ಬೂದುಕುದುರೆಯ ಬಳಿಗೆ ತಂದು, ಬಕೆಟ್ ಹಿಡಿದು ಮಂಡಿಯೂರಿ, ಚೋಲ್ಪೋನ್ ಹುಲ್ಲಿನ ಮೇಲಿಟ್ಟ ಸ್ಪೀಕರಿನ ಗುಂಡಿ ಒತ್ತಿದಳು. ಠಣ್ ಠಣಾ ಠಣ್! "ಪವರ್ ಆನ್!" ಎಂದು ಸ್ಪೀಕರಿನೊಳಗಿಂದ ಯಾರೋ ಪರದೇಶಿ ಹೆಂಗಸು ಕಿರುಚಿದಳು. ಪೇಟೆಯಲ್ಲಿ ಎಲ್ಲವೂ ಮೊದಲೇ ಆನ್ ಆಗಿದ್ದರಿಂದ ಈ ಹೆಂಗಸಿನ ಸುಳಿವೇ ಸಿಕ್ಕಿರಲಿಲ್ಲ. ಬೂದುಕುದುರೆ ಗೂಟ ಕಿತ್ತುಕೊಂಡು ಓಡಿತು. ಅದರ ಹಿಂದೆ ಉಳಿದವೂ ದಿಬ್ಬ ದಾಟಿದವು. ಎಲ್ಲವನ್ನೂ ಹಿಡಿದು ತರುವಷ್ಟರಲ್ಲಿ ಸಂಜೆಯಾಯಿತು.

"ಸಾಕಿನ್ನು. ನಾಡಿದ್ದು ಟ್ರಕ್ ಬರುತ್ತೆ, ಅವ್ವ ಅದರಲ್ಲಿ ಊರಿಗೆ ಇಳೀಲಿ," ಎಂದ ಚಿಕ್ಕಪ್ಪ.

ಸಿಗ್ನಲ್ ಸಿಗುವ ಬಂಡೆಯ ಮೇಲೆ ನಿಂತು ಅವಳು ಜೊಮಾರ್ಟ್‌ಗೆ ಬೈದಳು. ಬೈಯುತ್ತ ಬೈಯುತ್ತ ಅತ್ತಳು. ಅವನು ಮೊದಲು ನಕ್ಕ, ಅಳು ಕೇಳಿದ್ದೇ ನಗು ನಿಲ್ಲಿಸಿದ. "ಗುಂಡಿ ಮುಟ್ಟಬೇಡಿ. ನಾನೇ ಬರ್ತೀನಿ."

ಮಾರನೆಯ ಬೆಳಿಗ್ಗೆ ಯಾರದೋ ಕುದುರೆಯನ್ನು ಎರವಲು ಪಡೆದು, ಅದನ್ನೇರಿ ಬಂದ. ಹೆಗಲಲ್ಲಿ ಚೀಲದ ತುಂಬ ಸ್ಪೀಕರ್. ಅವನು ಕೂತ ರೀತಿ ನೋಡಿ ಅಜ್ಜಿ ತಲೆವಸ್ತ್ರದ ಅಂಚು ಬಾಯಿಗಿಟ್ಟು ನಕ್ಕಳು.

ಕುದುರೆಗಳಿಗೆ ಕೇಳದಿರಲೆಂದು ಇಬ್ಬರೂ ದಿಬ್ಬದ ಆಚೆ ಕೂತರು. ಅವನು ಚೀಲ ಬಿಚ್ಚಲೇ ಇಲ್ಲ. ಅವಳ ಕಂದು ಸ್ಪೀಕರನ್ನೇ ತೆಗೆದುಕೊಂಡು ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದ. ಆಮೇಲೆ ಆರಿಸಿ ಮತ್ತೆ ಹೊತ್ತಿಸಿದ. ಪರದೇಶಿ ಹೆಂಗಸು ಮಾತಾಡಲಿಲ್ಲ, ನೇರ ಅಜ್ಜಿಯ ಹಾಡೇ ಶುರುವಾಯಿತು.

"ಇಷ್ಟೇನಾ?"

"ಇಷ್ಟೇ."

"ಇದನ್ನ ಫೋನಲ್ಲೇ ಹೇಳಬಹುದಿತ್ತಲ್ಲ!"

"ಹೇಳಬಹುದಿತ್ತು." ಅವನು ಹುಲ್ಲು ಕೀಳತೊಡಗಿದ. "ಹೇಳಿದ್ರೆ ನೀವು ಥ್ಯಾಂಕ್ಸ್ ಅಂತಿದ್ರಿ. ಆಮೇಲೆ ಫೋನ್ ಇಡ್ತಿದ್ರಿ."

"ಚೀಲ ತುಂಬ ತಂದಿದ್ದು?"

"ಬರೋಕೆ ಒಂದು ನೆಪ ಬೇಕಲ್ಲ. ಭಾರ ಜಾಸ್ತಿ ಇದ್ರೆ ನಿಜ ಅನ್ಸುತ್ತೆ ಅಂದ್ಕೊಂಡೆ."

ಬೈಯಬೇಕೆಂದು ಬಾಯಿ ತೆರೆದವಳು ಸ್ಪೀಕರನ್ನು ಕಸಿದುಕೊಂಡು, ಮುಖ ಮರೆಸಲು ಎದೆಗವಚಿ ತಿರುಗಿ ಕೂತಳು. ಹಾಡು ಹಾಗೇ ನಡೆದಿತ್ತು. ಅಜ್ಜಿಯ ದನಿ ಅವಳ ಪಕ್ಕೆಲುಬಿನೊಳಗೆಲ್ಲ ಝುಮ್ಮೆಂದು ಹರಿಯಿತು. ಚಿಕ್ಕಂದಿನಲ್ಲಿ ಅಜ್ಜಿಯ ಮಡಿಲಲ್ಲಿ ಮಲಗಿದಾಗ ಕಿವಿಗಿಂತ ಮೊದಲು ಕೆನ್ನೆಗೆ ತಾಗುತ್ತಿದ್ದ ಹಾಡು!

"ಅಯ್ಯೋ!" ಎಂದು ಎದ್ದುನಿಂತಳು. "ಅಜ್ಜಿ ಅದರ ಹೊಟ್ಟೆಗೆ ಒರಗಿಕೊಂಡೇ ಹಾಡ್ತಿದ್ದಳು. ನಾವು ಸ್ಪೀಕರ್‌ನ ಹುಲ್ಲಿನ ಮೇಲಿಟ್ರೆ ಅದಕ್ಕೇನು ಗೊತ್ತಾಗುತ್ತೆ?"

ಅಜ್ಜಿ ಮೊದಲು ಒಪ್ಪಲಿಲ್ಲ. ದನಿ ಹೋದಾಗಿನಿಂದ ಅವಳು ಹಾಲು ಕರೆಯಲು ಕೂತೇ ಇರಲಿಲ್ಲ. ಗಂಟಲು ತೋರಿಸಿ, ತಲೆಯಾಡಿಸಿ, ಮುಖ ತಿರುಗಿಸಿದಳು. ಚೋಲ್ಪೋನ್ ಅವಳ ದಪ್ಪ ನಿಲುವಂಗಿಯ ಗುಂಡಿ ಬಿಚ್ಚಿ, ಸ್ಪೀಕರನ್ನು ಎದೆಯ ಹತ್ತಿರ ಒಳಗಿಟ್ಟು, ಮತ್ತೆ ಗುಂಡಿ ಹಾಕಿದಳು. ತನ್ನ ಹಾಡು ತನ್ನ ಎದೆಯಿಂದಲೇ ಎದ್ದಾಗ ಅಜ್ಜಿಯ ಕಣ್ಣು ಅಗಲವಾಯಿತು. ಅವಳು ಬಕೆಟ್ ತಾನೇ ತೆಗೆದುಕೊಂಡಳು.

ಅಜ್ಜಿ ಮಂಡಿಯೂರಿ ಬೂದುಕುದುರೆಗೆ ಒರಗಿದಳು. ಅದರ ಒಂದು ಕಿವಿ ಹಿಂದೆ ತಿರುಗಿತು. ಚಿಕ್ಕಪ್ಪ ಕೈಲಿದ್ದ ಹಗ್ಗವನ್ನೇ ಮರೆತು ನಿಂತ.

"ಇದು ಫಲಿಸಿದ್ರೆ ನಾನು ಹೊರಡ್ಬೇಕು," ಎಂದು ಜೊಮಾರ್ಟ್ ಪಿಸುಗುಟ್ಟಿದ. "ಸ್ಪೀಕರ್ ಇರುತ್ತಲ್ಲ."

"ಅದಕ್ಕೆ ಚಾರ್ಜ್ ಯಾರು ಮಾಡ್ತಾರೆ?"

"ನಿಮಗೆ ಬರಲ್ವಾ?"

"ಬರುತ್ತೆ." ಅವಳು ಅವನ ಕಡೆ ನೋಡದೆ, ಅವನ ತೋಳನ್ನು ಮಾತ್ರ ಹಿಡಿದಳು. "ಆದ್ರೂ ನೀನೇ ಇರು."

ಅವನು ಉತ್ತರಿಸುವ ಮೊದಲೇ ಖಾಲಿ ಬಕೆಟ್ಟಿನ ತಳಕ್ಕೆ ಹಾಲಿನ ಮೊದಲ ಧಾರೆ ಸರ್ರೆಂದು ಬಿತ್ತು.