ನಿಂತ ಗಾಡಿಯ ಬ್ಯಾಟರಿ ಕುಡಿದವರು

“ಮೀಟರ್ ತಗಿ! ಇಲ್ಲಾಂದ್ರ ಕೈ ಜಜ್ಜತೇನಿ!”

ವ್ಹೀಲ್ ಸ್ಪ್ಯಾನರ್ ನನ್ನ ಬೆರಳುಗಳಿಂದ ಒಂದು ಗೇಣು ಮೇಲಿತ್ತು. ಹಿಡಿದವನು ಶಿವಪುತ್ರ. ಇಳಕಲ್ಲಿನ ಸಾಹುಕಾರ ಚಂದ್ರಶೇಖರಪ್ಪನವರ ಪಿಎ.

ನನ್ನ ಕೈ ಬ್ಯಾಟರಿ ಮೇಲೆ. ಕಣ್ಣು ಮೀಟರ್ ಮೇಲೆ.

0.61 ಆಂಪಿಯರ್!

ಗಾಡಿ ಆಫ್. ಕೀ ಸಾಹುಕಾರರ ಜೇಬಿನಲ್ಲಿ. ನಿಂತ ಗಾಡಿ 0.05ರ ಮೇಲೆ ಕುಡಿಯಬಾರದು. ಇದು ಹನ್ನೆರಡು ಪಟ್ಟು ಕುಡಿಯುತ್ತಿತ್ತು...

ನಾನು ಖುಶನುಮಾ. ಬಾಗಲಕೋಟೆ ನವನಗರದಲ್ಲಿ ಆಟೊ ಎಲೆಕ್ಟ್ರಿಕಲ್ ಅಂಗಡಿ. ವೈರು, ಫ್ಯೂಸು, ಸುಳ್ಳು... ಮೂರನ್ನೂ ಹುಡುಕಿ ತೆಗೆಯುತ್ತೇನೆ.

ಅವತ್ತು ಬೆಳಿಗ್ಗೆ ಸಾಹುಕಾರರ ಡ್ರೈವರ್ ರಾಚಯ್ಯ ಬಸ್ಸು ಹಿಡಿದು ಬಂದಿದ್ದ. ಇಪ್ಪತ್ತು ವರ್ಷದ ಚಾಕರಿ. ಕಣ್ಣು ಕೆಂಪಾಗಿತ್ತು.

“ಎರಡ ಹೊಸಾ ಬ್ಯಾಟರಿ ಸತ್ತೂವು ಯವ್ವಾ. ನಾಕ ದಿನಾ ನಿಂತ್ರ ಗಾಡಿ ಚಾಲೂನ ಆಗೂದಿಲ್ಲ. ನಾನ ಹೊಸಾದು ಮಾರಿ ಹಳೇದು ಹಾಕೇನಂತ. ಸಂಜಿಗೆ ಪೊಲೀಸ್ರಿಗೆ ಕೊಡ್ತಾರಂತ!”

“ನೀ ಮಾರೀ ಏನ್ ಕಾಕಾ?”

“ಬಸವಣ್ಣನ ಆಣಿ, ಇಲ್ಲ!”

ಅವನನ್ನು ಬೈಕ್ ಹಿಂದೆ ಕೂರಿಸಿಕೊಂಡು ಮಧ್ಯಾಹ್ನಕ್ಕೆ ಇಳಕಲ್ಲಿನಲ್ಲಿದ್ದೆ. ಸಾಹುಕಾರರ ಅಂಗಳದಲ್ಲಿ ಬಿಳಿ ಗಾಡಿ. ಮುಂದೆ ‘ಅಧ್ಯಕ್ಷರು’ ಎಂಬ ಕೆಂಪು ಬೋರ್ಡು. ಯಾವುದರ ಅಧ್ಯಕ್ಷರು ಎಂದು ಬರೆದಿರಲಿಲ್ಲ. ಬರೆಯುವ ಧೈರ್ಯ ಯಾರಿಗೂ ಬಂದಿರಲಿಲ್ಲ!

ಸಾಹುಕಾರರು ತೂಗುಮಂಚದಿಂದಲೇ ನಕ್ಕರು. “ಹೆಣ್ಮಗಳು ಬ್ಯಾಟರಿ ನೋಡ್ತಾಳೇನು?”

“ಯಾರ್ ನೋಡಾಕತ್ತಾರಂತ ಬ್ಯಾಟರಿಗೆ ಗೊತ್ತಾಗೂದಿಲ್ರಿ.”

ಕೀ ದೂರ ಇಡಿಸಿದೆ. ಡ್ರೈವರ್ ಕಡೆಯ ಬಾಗಿಲು ತೆರೆದಿಟ್ಟು, ಅದರ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿದೆ. ಬಾಗಿಲು ಹಾಕಿದೆ ಅಂತ ಗಾಡಿ ನಂಬಿತು. ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ, ನಡುವೆ ಮೀಟರ್ ಜೋಡಿಸಿ, ಕನ್ನಡಿಗೆ ನೇತುಹಾಕಿದೆ.

“ಇನ್ನ ನಲ್ವತ್ತ ನಿಮಿಷ ಯಾರೂ ಗಾಡಿ ಮುಟ್ಟಬ್ಯಾಡ್ರಿ. ಒಳಗಿನ ಕಂಪ್ಯೂಟರ್ ಮಲಗಬೇಕು.”

ಇಪ್ಪತ್ತನೇ ನಿಮಿಷಕ್ಕೆ ಶಿವಪುತ್ರ ಹಿಂದಿನ ಬಾಗಿಲು ತೆಗೆದ. ಮೀಟರ್ ಐದಕ್ಕೆ ಜಿಗಿಯಿತು!

“ಸಾಹೇಬ್ರ ಫೈಲ್ ಬೇಕಿತ್ತು.”

ಮತ್ತೆ ಮೊದಲಿಂದ. ಮತ್ತೆ ಬಾಗಿಲು!

“ಸಾಹೇಬ್ರ ಟವೆಲ್...”

ಮೂರನೇ ಸಲ ನಾನೇ ಆ ಬಾಗಿಲಿಗೆ ಒರಗಿ ಕೂತೆ. ಸಾಹುಕಾರರು ಊಟಕ್ಕೆ ಒಳಗೆ ಹೋದರು. ಕಂಪ್ಯೂಟರ್ ಮಲಗಿತು. ಬ್ಯಾಟರಿಯ ಕ್ಲಿಪ್ ಬಿಗಿ ಮಾಡಲು ಬಾಗಿದೆ... ಆಗಲೇ ಸ್ಪ್ಯಾನರ್ ಬಂತು.

“ಕಡೀ ಸಲ ಹೇಳಾಕತ್ತೇನಿ. ತಗಿ!”

“ತಗೀತೇನಿ ತಡಿ.”

ತೆಗೆದೆ. ಮೀಟರ್ ಅಲ್ಲ, ಬಾನೆಟ್ ಎತ್ತಿ ನಿಲ್ಲಿಸಿದ್ದ ಕಡ್ಡಿ!

ಬಾನೆಟ್ ಅವನ ಮೊಣಕೈ ಮೇಲೆ ಬಿತ್ತು. ಅರಚಿದ ಸದ್ದಿಗೆ ಸಾಹುಕಾರರು ಎಂಜಲು ಕೈಯಲ್ಲೇ ಓಡಿ ಬಂದರು.

“ಏನಾತು?”

“ಗಾಳಿಗೆ ಬಿತ್ರಿ,” ಎಂದೆ.

ಒಂದು ಎಲೆಯೂ ಅಲುಗುತ್ತಿರಲಿಲ್ಲ!

ಫ್ಯೂಸ್ ಡಬ್ಬಿ ತೆಗೆದೆ. ಒಂದೊಂದೇ ಫ್ಯೂಸ್ ಕಿತ್ತೆ. ಹಾರ್ನ್... ಏನೂ ಇಲ್ಲ. ವೈಪರ್... ಏನೂ ಇಲ್ಲ. ಹಿಂದಿನ ಲೈಟ್...

ಮೀಟರ್ 0.42ಕ್ಕೆ ಇಳಿಯಿತು!

ಆ ವೈರ್ ಹಿಡಿದು ಹೋದೆ. ಹಿಂದಿನ ಸೀಟಿನ ಕೆಳಗೆ ಕಡ್ಡಿಪೆಟ್ಟಿಗೆಯಷ್ಟು ಕರಿ ಡಬ್ಬಿ. ಒಳಗೆ ಸಿಮ್. ಪಕ್ಕದಲ್ಲಿ ಮೈಕ್.

“ಗಾಡ್ಯಾಗ ನೀವು ಮಾತಾಡಿದ್ದೆಲ್ಲಾ ಯಾರೋ ಕೇಳಾಕತ್ತಾರ್ರಿ.”

ಶಿವಪುತ್ರ ಗೇಟಿನತ್ತ ಹಾರಿದ!

“ಹಿಡೀರಿ ಅವನ್ನ! ರಾಚಯ್ಯಾ, ಗಾಡಿ ತಗಿ!”

“ಬ್ಯಾಟರಿ ಕಳಚೈತ್ರೀ...”

ನಾನು ಬೈಕಿಗೆ ಕಿಕ್ ಹೊಡೆದು ಬೆನ್ನಟ್ಟಿದೆ. ಪವರ್‌ಲೂಮ್‌ಗಳ ಖಟಖಟ ನಡುವೆ ಸಂದಿಗೊಂದಿ. ಅವನು ಎಡಕ್ಕೆ ತಿರುಗಿದ... ಅಲ್ಲಿ ಓಣಿಯುದ್ದಕ್ಕೂ ಸೀರೆಯ ನೂಲು ಬಿಗಿದು ಕಟ್ಟಿದ್ದರು. ನೇರ ಅದರೊಳಗೇ ನುಗ್ಗಿದ! ಸಾವಿರಾರು ಎಳೆಗಳಲ್ಲಿ ಸಿಕ್ಕು ಬಿದ್ದ.

ನೇಕಾರರ ಸಿದ್ದವ್ವ ಅವನ ಎದೆ ಮೇಲೆ ಮೊಣಕಾಲೂರಿದಳು. “ನಾಕ ದಿನದ್ ಕೆಲಸ ಹಾಳ ಮಾಡಿದಿ ಭಾಡ್ಯಾ!”

ನನ್ನ ಬೆದರಿಕೆಗೆ ಅವನು ಬಾಯಿ ಬಿಡುತ್ತಿರಲಿಲ್ಲ. ಸಿದ್ದವ್ವನ ಮೊಣಕಾಲಿಗೆ ಎಲ್ಲ ಹೇಳಿದ. ಸಾಹುಕಾರರು ನಿಂತಿದ್ದ ಸೊಸೈಟಿ ಎಲೆಕ್ಷನ್ನು. ಎದುರಾಳಿಯ ಕಡೆಯವರು ಡಬ್ಬಿ ಕೊಟ್ಟು, ಅವನಿಗೆ ಸೆಕ್ರೆಟರಿ ಕುರ್ಚಿಯ ಆಸೆ ತೋರಿಸಿದ್ದರು.

ಅವನನ್ನು ಎಳೆದು ತಂದು ಅಂಗಳದಲ್ಲಿ ಕೂಡಿಸಿದೆವು. ಸಾಹುಕಾರರು ಎದೆ ಉಬ್ಬಿಸಿದರು.

“ಮುಗೀತಲ್ಲ!”

“ಇಲ್ರಿ. ಇನ್ನೂ 0.42 ಐತಿ.”

ಮತ್ತೊಂದು ಫ್ಯೂಸ್ ಕಿತ್ತೆ. 0.23! ಡ್ಯಾಶ್‌ಬೋರ್ಡ್ ಕೆಳಗೆ ಇನ್ನೊಂದು ಡಬ್ಬಿ, ಗಾಡಿ ಎಲ್ಲಿದೆ ಅಂತ ಫೋನಿಗೆ ಹೇಳುವಂಥದ್ದು.

“ಇದನ್ನೂ ನೀನ ಹಚ್ಚೀ ಏನಲೇ?” ಸಾಹುಕಾರರು ಶಿವಪುತ್ರನ ಮೇಲೆ ಎಗರಿದರು.

“ಅದು ನಂದು.”

ಬಾಗಿಲಲ್ಲಿ ಅವರ ಹೆಂಡತಿ ಕಾಳವ್ವ. ಸೆರಗು ಸರಿಮಾಡಿಕೊಂಡು ತಣ್ಣಗೆ ಹೇಳಿದರು.

“ಮಂಗಳವಾರ ಹುನಗುಂದದಾಗ ಮೀಟಿಂಗ್ ಅಂತೀರಿ. ಗಾಡಿ ಬಾದಾಮಿ ಲಾಡ್ಜ್ ಮುಂದ ನಿಂತಿರ್ತೈತಿ. ಅಲ್ಲಿ ಯಾವ ಸೊಸೈಟಿ ಐತ್ರಿ?”

ಸಾಹುಕಾರರ ಎಂಜಲು ಕೈ ಒಣಗಿಹೋಗಿತ್ತು.

ಮೂರನೇ ಫ್ಯೂಸ್. 0.04! ಡ್ರೈವರ್ ಸೀಟಿನ ಕೆಳಗೆ ಮೂರನೇ ಡಬ್ಬಿ. ಸಾಹುಕಾರರು ಕೆಮ್ಮಿದರು.

“ಅದು... ನಾನ ಹಾಕ್ಸಿದ್ದೆ. ರಾಚಯ್ಯನ ಮ್ಯಾಲ ಒಂದ ಕಣ್ಣಿರಲಿ ಅಂತ...”

ರಾಚಯ್ಯ ಆ ಡಬ್ಬಿ ನೋಡಿದ. ಬೆಳಿಗ್ಗೆ ಪೊಲೀಸರ ಹೆಸರು ಹೇಳುವಾಗಲೂ ಅವನ ಮುಖ ಹಾಗೆ ಆಗಿರಲಿಲ್ಲ. ಜೇಬಿನಿಂದ ಗ್ಯಾರೇಜಿನ ಬೀಗದ ಕೈ ತೆಗೆದು ಬಾನೆಟ್ ಮೇಲಿಟ್ಟ.

“ಇಪ್ಪತ್ತ ವರ್ಷ ನಿಮ್ಮ ಜೀವಾ ನನ್ನ ಕೈಯಾಗಿತ್ರಿ ಸಾವ್ಕಾರ್ರ. ನಾ ಯಾವ ಡಬ್ಬೀನೂ ಇಟ್ಟಿರಲಿಲ್ಲ.”

ತಿರುಗಿ ನೋಡದೆ ಗೇಟು ದಾಟಿದ.

ಸಾಹುಕಾರರು ನನ್ನ ಮೇಲೆ ರೇಗಿದರು. “ಎಲ್ಲಾ ಡಬ್ಬಿ ಕಿತ್ತ ಒಗಿ!”

“ನಂದು ಇರ್ಲಿ,” ಎಂದರು ಕಾಳವ್ವ. “ಟ್ಯಾಕ್ಸ್ ಉಳಸಾಕ ಗಾಡೀನ ನನ್ನ ಹೆಸರಿಗೆ ತಗೊಂಡೋರು ನೀವ ಅಲ್ರೀ?”

ಕಾನೂನು ಕಾನೂನೇ! ಎರಡು ಕಿತ್ತೆ, ಒಂದು ಉಳಿಸಿದೆ.

“ಹಂಗಾದ್ರ ಬ್ಯಾಟರಿ ಮತ್ತ ಸಾಯೂದಿಲ್ಲೇನು?” ಸಾಹುಕಾರರ ಧ್ವನಿ ಸಣ್ಣಗಾಗಿತ್ತು.

ಮೀಟರ್ ಸುತ್ತಿ ಬ್ಯಾಗಿಗೆ ಹಾಕಿದೆ.

“ನಿಂತಲ್ಲೇ ನಿಂತ್ರ ಸಾಯತೈತ್ರಿ. ವಾರಕ್ಕೊಮ್ಮಿ ಬಾದಾಮಿಗೆ ಹೋಗಿ ಬರ್ರಿ... ಫುಲ್ ಚಾರ್ಜ್ ಆಗತೈತಿ!”