ಎರಡನೆಯ ಗುಂಡಿ

"ಇಲ್ಲಿ ಗುಂಡಿ ಸಿಗುತ್ತಾ?" ಎಂದು ಮಾರ್ನಿ ಕೇಳಿದಾಗ ಎಲ್ಡನ್ ಅವಳ ಕೋಟಿನ ಕಡೆ ನೋಡಿದ. ಅಲ್ಲಿ ನಿಜಕ್ಕೂ ಒಂದು ಗುಂಡಿ ಕಿತ್ತುಹೋಗಿತ್ತು.

"ಕೋಟಿಗಾದ್ರೆ ಬ್ಯಾಂಕಿನ ಪಕ್ಕ ಹೊಲಿಗೆ ಅಂಗಡಿ ಇದೆ. ಇದು ಹಳೇ ಕಾರಿನ ಗುಜರಿ."

"ಗುಜರಿ ಅಂತ ಗೊತ್ತಿದ್ದೇ ಬಂದಿದ್ದೀನಿ." ಅವಳು ಕೋಟನ್ನು ಎದೆಯ ಹತ್ತಿರ ಮುಚ್ಚಿ ಹಿಡಿದಳು. "ಗ್ಯಾರೇಜ್ ಬಾಗಿಲು ತೆಗೆಯೋ ಗುಂಡಿ. ಕಾರಿನ ಚಾವಣೀಲಿ, ಕನ್ನಡಿ ಮೇಲ್ಗಡೆ ಮೂರು ಇರ್ತಾವಲ್ಲ, ಅವು."

"ಓ!" ಎಂದ ಎಲ್ಡನ್. ಅವನ ಕಿವಿ ಕೆಂಪಾಯಿತು. ಇಷ್ಟು ದೊಡ್ಡ ಆಳಿಗೆ ಕಿವಿ ಕೆಂಪಾಗುವುದನ್ನು ಮಾರ್ನಿ ಎಂದೂ ಕಂಡಿರಲಿಲ್ಲ. ನಗು ಬಂತು, ತಡೆದುಕೊಂಡಳು, ಅವನು ಆ ತಡೆದದ್ದನ್ನೂ ನೋಡಿಬಿಟ್ಟ.

ಅವಳದು ಬಡಪಾಯಿ ಮಾಡೆಲಿನ ಕಾರು. ಚಾವಣಿಯಲ್ಲಿ ಒಂದು ಲೈಟು ಬಿಟ್ಟರೆ ಏನೂ ಇಲ್ಲ. ಅದೇ ಕಾರಿನ ಮೇಲ್ದರ್ಜೆಯಲ್ಲಿ ಲೈಟು, ಕನ್ನಡಕದ ಡಬ್ಬಿ, ಮೂರು ಗುಂಡಿ ಎಲ್ಲ ಸೇರಿದ ಕನ್ಸೋಲು ಇರುತ್ತದೆ. ಅಪಘಾತವಾಗಿ ಬಂದ ಕಾರಿನಿಂದ ಅದನ್ನು ಬಿಚ್ಚಿ ಇದಕ್ಕೆ ಕೂರಿಸಬಹುದು. ಆ ಶರತ್ಕಾಲದಲ್ಲಿ ಎಲ್ಡನ್ ಮೊದಲು ತೋರಿಸಿದ್ದು ಕಂದು ಬಣ್ಣದ್ದು. ಅವಳಿಗೆ ಬೂದು ಬೇಕಿತ್ತು. ಮುಂದಿನ ವಾರದ್ದಕ್ಕೆ ಒಂದು ಗೀರಿತ್ತು. ಅದರ ಮುಂದಿನದರ ಮುಚ್ಚಳ ಸಡಿಲವಿತ್ತು. ಕಾರಿನ ನೆಲದ ತುಂಬ ಕಾಫಿ ಲೋಟ ಉರುಳಾಡಿಸಿಕೊಂಡು ಬರುವ ಹೆಂಗಸಿಗೆ ಚಾವಣಿಯ ಗೀರು ಇಷ್ಟೇಕೆ ಚುಚ್ಚುತ್ತದೆ ಎಂದು ಅವನು ಕೇಳಲಿಲ್ಲ. ಒಳ್ಳೆಯ ಬೂದು ಕನ್ಸೋಲೊಂದನ್ನು ಮೊದಲ ವಾರವೇ ಗಲ್ಲಾಪೆಟ್ಟಿಗೆಯ ಕೆಳಗೆ ಬಟ್ಟೆ ಸುತ್ತಿ ಇಟ್ಟಿದ್ದನೆಂದು ಅವನೂ ಹೇಳಲಿಲ್ಲ. ಇಬ್ಬರೂ ಕಳ್ಳರೇ.

ಆದರೆ ಗುಂಡಿ ಬೇಕಾಗಿದ್ದು ಮಾತ್ರ ಸುಳ್ಳಲ್ಲ.

ಮಾರ್ನಿಗೆ ನಲವತ್ತು. ಮನೆಯಲ್ಲಿ ಅವಳು, ಅಕ್ಕ ಡೋರೀನ್, ಇಬ್ಬರೇ. ಗ್ಯಾರೇಜಿನ ರಿಮೋಟು ಅಕ್ಕನ ಏಪ್ರನ್ನಿನ ಜೇಬಿನಲ್ಲಿ. ಮಾರ್ನಿ ದಂತವೈದ್ಯರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ ಮುಗಿಸಿ ಬಂದು ಹಿಂದಿನ ಗಲ್ಲಿಯಲ್ಲಿ ಹಾರ್ನ್ ಹೊಡೆದರೆ, ಅಡುಗೆಮನೆಯ ಕಿಟಕಿಯಿಂದ ಡೋರೀನ್ ಒತ್ತುತ್ತಾಳೆ, ಬಾಗಿಲು ಏಳುತ್ತದೆ. ಬೆಳಿಗ್ಗೆ ಹೊರಡುವಾಗಲೂ ಹಾಗೇ. "ನಿನ್ನ ಕೈಗೆ ಕೊಟ್ರೆ ಕಳೀತೀಯ" ಎನ್ನುವುದು ಅಕ್ಕನ ಮಾತು. ಡೋರೀನ್ ಊರಿನ ಶಾಲಾ ಬಸ್ಸುಗಳನ್ನೆಲ್ಲ ಕಚೇರಿಯಲ್ಲಿ ಕೂತು ವೈರ್‌ಲೆಸ್ಸಿನಲ್ಲೇ ನಡೆಸಿದವಳು. ಯಾವ ಬಸ್ಸು ಯಾವ ತಿರುವಿನಲ್ಲಿದೆ ಎಂದು ಕೂತಲ್ಲೇ ಹೇಳುತ್ತಿದ್ದಳು. ಈಗ ಕಣ್ಣು ಮಂಜಾಗಿ ಮನೆ ಸೇರಿದ್ದಾಳೆ. ನಡೆಸಲು ಉಳಿದಿರುವುದು ಒಂದೇ ಬಸ್ಸು.

ಜಗಳವಾಡಬಹುದಿತ್ತು. ಆದರೆ ಮಾರ್ನಿ ಚಿಕ್ಕವಳಿದ್ದಾಗ ಅಪ್ಪ ಅಮ್ಮ ಕಾರಿನಲ್ಲಿ ಹೋದವರು ತಿರುಗಿ ಬರಲಿಲ್ಲ. ನಿಶ್ಚಯವಾಗಿದ್ದ ಮದುವೆಯ ಉಂಗುರವನ್ನು ವಾಪಸು ಕೊಟ್ಟು ಡೋರೀನ್ ಅವಳನ್ನು ಸಾಕಿದಳು. ಸಾಕಿದವಳ ಕೈಯಿಂದ ರಿಮೋಟು ಕಿತ್ತುಕೊಳ್ಳುವುದು ಹೇಗೆ? ಬಾಯಲ್ಲಿಟ್ಟ ಬಿಸಿತುಪ್ಪ, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. ಅಕ್ಕನ ಪ್ರೀತಿಯೊಳಗೆ ಮಾರ್ನಿಗೆ ಉಸಿರು ಕಟ್ಟುತ್ತಿತ್ತು, ಉಸಿರು ಕಟ್ಟುತ್ತಿದೆ ಎನ್ನಲೂ ನಾಚಿಕೆಯಾಗುತ್ತಿತ್ತು.

ಎಲ್ಡನ್ ಒಮ್ಮೆ ಊಟಕ್ಕೆ ಕರೆದ. ಕ್ಲಿನಿಕ್ಕಿನಲ್ಲಿ ಕೆಲಸವಿದೆ ಎಂದು ಅಕ್ಕನಿಗೆ ಸುಳ್ಳು ಹೇಳಿ ಅವಳು ಹೋದಳು. ಆಮೇಲೂ ಎರಡು ಸಲ ಹೋದಳು. ಮೂರನೆಯ ಸಲ ಅವನು ಚಮಚ ಕೆಳಗಿಟ್ಟ.

"ಕ್ಲಿನಿಕ್ಕಿನ ಕೆಲಸ ಅಂತ ಹೇಳಿ ಬರೋಕೆ ನಾನೇನು ಹಲ್ಲು ನೋವಾ, ಮಾರ್ನಿ? ಕನ್ಸೋಲು ಹಾಕೋಕೆ ನಿಮ್ಮ ಮನೆಗೆ ಬರ್ತೀನಿ. ಅದಾದ ಮೇಲೆ ಬಂದ್ರೆ ಮುಂಬಾಗಿಲಿಂದ, ನಿಮ್ಮ ಅಕ್ಕನಿಗೆ ಹೇಳಿಯೇ ಬರೋದು. ಇಲ್ದಿದ್ರೆ ಇಲ್ಲ."

ಅವನು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ಸುಲಭವಿತ್ತು.

*

ಜನವರಿಯ ಶನಿವಾರ ಮಧ್ಯಾಹ್ನ. ಮೂಗಿನೊಳಗಿನ ಕೂದಲೂ ಹೆಪ್ಪುಗಟ್ಟುವ ಚಳಿ. "ಕಾರಿನ ಒಳಗಿನ ಲೈಟು ಕೆಟ್ಟಿದೆ ಅಕ್ಕ, ಒಬ್ಬರು ಬರ್ತಾರೆ" ಎಂದು ಮಾರ್ನಿ ಹೇಳಿದ್ದಳು. ಡೋರೀನ್ ಅಡುಗೆಮನೆಯ ಕಿಟಕಿಯಿಂದಲೇ ಬಾಗಿಲು ಎತ್ತಿದಳು, ಎಲ್ಡನ್ ಒಳಗೆ ಬಂದ, ಚಳಿ ಒಳಗೆ ಬರಬಾರದೆಂದು ಡೋರೀನ್ ಬಾಗಿಲು ಇಳಿಸಿದಳು. ಅದಕ್ಕೂ ಮೊದಲು ಮಾರ್ನಿಯ ಕೈಗೆ ಕಾಫಿಯ ಥರ್ಮಾಸು, ತಾನೇ ಮಾಡಿದ ಪೊಟೀತ್ಸ ಎಂಬ ಅಕ್ರೋಟದ ಸಿಹಿ ಬ್ರೆಡ್ಡು ಕೊಟ್ಟು, "ಪಾಪ, ಲೈಟಿನವನಿಗೆ ಕೊಡು" ಎಂದಿದ್ದಳು. ಆ ಪೊಟೀತ್ಸ ಮಾರ್ನಿಗೆ ಕಲ್ಲಿನಷ್ಟು ಭಾರವಾಗಿ ಕಂಡಿತು.

ಗ್ಯಾರೇಜು ಮನೆಯಿಂದ ದೂರ, ಹಿತ್ತಲ ತುದಿಯಲ್ಲಿ. ಪಕ್ಕದ ಸಣ್ಣ ಬಾಗಿಲನ್ನು, ಹಿಮ ತೆಗೆಯುವ ಯಂತ್ರ ಕಳುವಾದ ವರ್ಷವೇ ಡೋರೀನ್ ಮರದ ಪಟ್ಟಿ ಹೊಡೆದು ಮುಚ್ಚಿಸಿದ್ದಳು. ಗೋಡೆಯ ಸ್ವಿಚ್ಚಿನ ವೈರು ಇಲಿ ಕಡಿದು ಯಾವುದೋ ಕಾಲವಾಗಿತ್ತು.

"ಜೈಲು ಚೆನ್ನಾಗಿದೆ" ಎಂದ ಎಲ್ಡನ್.

"ಊಟವೂ ಚೆನ್ನಾಗಿರುತ್ತೆ" ಎಂದಳು ಮಾರ್ನಿ.

ಅವನು ಹಳೆಯ ಲೈಟನ್ನು ಬಿಚ್ಚಿದ. ಅವಳು ಪಕ್ಕದ ಸೀಟಿನಲ್ಲಿ ಕೂತು ಟಾರ್ಚು ಹಿಡಿದಳು. ಹಿಡಿಯಬೇಕಾದದ್ದು ಚಾವಣಿಗೆ, ಬೆಳಕು ಮಾತ್ರ ಆಗಾಗ ಅವನ ಹುಬ್ಬಿನ ಮೇಲೆ, ಹಲ್ಲಿನಲ್ಲಿ ಕಚ್ಚಿಕೊಂಡ ಸ್ಕ್ರೂವಿನ ಮೇಲೆ ಇಳಿಯುತ್ತಿತ್ತು.

"ಕೆಲಸ ಮೇಲ್ಗಡೆ ಇದೆ" ಎಂದ ಅವನು, ಸ್ಕ್ರೂ ಕಚ್ಚಿಕೊಂಡೇ.

"ಗೊತ್ತು" ಎಂದಳು. ಟಾರ್ಚು ಅಲ್ಲಾಡಲಿಲ್ಲ.

ವೈರು ಕೂಡಿಸಿ, ಬೂದು ಕನ್ಸೋಲನ್ನು ಒತ್ತಿದಾಗ ಅದು ಟಕ್ ಎಂದು ಕೂತಿತು. ಮೂರು ಗುಂಡಿಗಳ ಪಕ್ಕದ ಪುಟ್ಟ ದೀಪ ಹತ್ತಿತು. ಮಾರ್ನಿ ಮೊದಲ ಗುಂಡಿ ಒತ್ತಿದಳು. ಬಾಗಿಲು ಕದಲಲಿಲ್ಲ.

"ಅದಕ್ಕಿನ್ನೂ ಕಲಿಸಬೇಕು," ಎಂದ ಎಲ್ಡನ್. "ಹಳೇ ರಿಮೋಟನ್ನ ಇದರ ಹತ್ರ ಹಿಡಿದು ಎರಡನ್ನೂ ಒಟ್ಟಿಗೆ ಒತ್ತಬೇಕು. ಹಳೇದನ್ನ ನೋಡಿ ಹೊಸದು ಕಲಿಯುತ್ತೆ. ಎಲ್ಲಿ, ರಿಮೋಟು ಕೊಡಿ."

ಮಾರ್ನಿ ಟಾರ್ಚು ಆರಿಸಿದಳು.

"ಮಾರ್ನಿ, ರಿಮೋಟು ಬೇಕು ಅಂತ ಅಂಗಡೀಲೇ ಹೇಳಿದ್ನಲ್ಲ?"

"ಹೇಳಿದ್ರಿ." ಅಂಗಡಿಯಲ್ಲಿ ಅವನು ಅದನ್ನು ಹೇಳುವಾಗ ಅವಳು ನೋಡುತ್ತಿದ್ದದ್ದು ಅವನ ಕಿವಿಯನ್ನು. "ಅದು ಅಕ್ಕನ ಜೇಬಲ್ಲಿದೆ."

ಎಲ್ಡನ್ ಸ್ಟೀರಿಂಗಿಗೆ ಹಣೆಯೊತ್ತಿ ಸದ್ದಿಲ್ಲದೆ ನಕ್ಕ. ಅವಳಿಗೆ ನಗು ಬರಲಿಲ್ಲ. ಇಷ್ಟೆಲ್ಲ ಓಡಾಡಿದ್ದು ಅಕ್ಕನನ್ನು ಕೇಳುವುದು ಬೇಡ ಎಂದು. ಕೊನೆಗೆ ಕೇಳಲೇಬೇಕಾದದ್ದು ಅಕ್ಕನನ್ನೇ. ಅವಳಿಗೆ ತನ್ನ ಮೇಲೆ, ಅಕ್ಕನ ಮೇಲೆ, ಚಾವಣಿಗೆ ನೇತುಬಿದ್ದ ಆ ಮೋಟಾರಿನ ಮೇಲೆ ಸಿಟ್ಟು ಬಂತು. ಇಳಿದು ಏಣಿ ಎಳೆದು ಹತ್ತಿದಳು.

"ಮೋಟಾರಿಗೂ ಒಂದು ಗುಂಡಿ ಇದೆ ಅಂದಿದ್ರಲ್ಲ, ಇದೇನಾ?"

"ಅದೇ. ಆದ್ರೆ ಜೋಪಾನ. ಒತ್ತಿ ಬಿಟ್ರೆ ಕಲಿಯುತ್ತೆ, ಒತ್ತಿ ಹಿಡಿದ್ರೆ ಮರೆಯುತ್ತೆ. ಅದಕ್ಕೆ ಗೊತ್ತಿರೋ ರಿಮೋಟನ್ನೆಲ್ಲ ಮರೆತುಬಿಡುತ್ತೆ."

ಮಾರ್ನಿ ಒತ್ತಿದಳು. ಬಿಡಲಿಲ್ಲ.

"ಬಿಡಿ! ಮಾರ್ನಿ, ಬೆರಳು ತೆಗೀರಿ!"

ಮೋಟಾರಿನ ಪುಟ್ಟ ದೀಪ ಉರಿದು, ಉರಿದು, ಆರಿತು. ಆಮೇಲೆ ಅವಳು ಬೆರಳು ತೆಗೆದಳು.

"ಈಗ ನಿಮ್ಮ ಅಕ್ಕನ ರಿಮೋಟಿಗೂ ಬಾಗಿಲು ತೆಗೆಯಲ್ಲ" ಎಂದ ಎಲ್ಡನ್ ಮೆಲ್ಲಗೆ.

"ಗೊತ್ತು" ಎಂದಳು. ಏಣಿ ಇಳಿದು ಅದನ್ನು ಗೋಡೆಗೆ ಒರಗಿಸಿದಳು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಬಾಗಿಲಿನ ಕಂಬಿಯಿಂದ ಒಂದು ಹಗ್ಗ ನೇತಾಡುತ್ತಿತ್ತು, ತುದಿಯಲ್ಲಿ ಕೆಂಪು ಹಿಡಿ. ಕರೆಂಟು ಹೋದರೆ, ಮೋಟಾರು ಕೆಟ್ಟರೆ, ಅದನ್ನು ಜಗ್ಗಿ ಬಾಗಿಲನ್ನು ಕೈಯಿಂದಲೇ ಎತ್ತಬಹುದು. ಆ ಊರಿನಲ್ಲಿ ಹಾಲುಹಲ್ಲಿನ ಮಗುವಿಗೂ ಅದು ಗೊತ್ತು. ಹಗ್ಗ ಇಬ್ಬರ ತಲೆಯ ನಡುವೆಯೇ ತೂಗುತ್ತಿತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ.

"ಹಾಗಾದ್ರೆ ಸಿಕ್ಕಿಹಾಕ್ಕೊಂಡ್ವಿ" ಎಂದ ಎಲ್ಡನ್, ಬಲು ಗಂಭೀರವಾಗಿ.

"ಸಿಕ್ಕಿಹಾಕ್ಕೊಂಡ್ವಿ" ಎಂದಳು ಮಾರ್ನಿ.

ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ವಿಷದ ಹೊಗೆ ತುಂಬುವುದರಿಂದ ಎಂಜಿನ್ ಹಚ್ಚುವಂತಿಲ್ಲ. ಕಾರಿನೊಳಗೆ ಕೂತು ಒಂದೇ ಕಂಬಳಿಯನ್ನು ಇಬ್ಬರ ಮೊಣಕಾಲಿಗೂ ಎಳೆದುಕೊಂಡು, ಥರ್ಮಾಸಿನ ಒಂದೇ ಮುಚ್ಚಳದಲ್ಲಿ ಸರದಿಯಂತೆ ಕಾಫಿ ಕುಡಿದರು. ಅವರ ಉಸಿರಿಗೆ ಗಾಜು ಮಂಜಾಯಿತು. ಮಾರ್ನಿಯ ಫೋನು ಅಲುಗಿತು: ಅಕ್ಕ. ಅವಳು ಅದನ್ನು ಬೋರಲು ಹಾಕಿದಳು.

"ಇನ್ನು ನಿಮಗೆ ನನ್ನ ಮುಖ ನೋಡೋಕೆ ನೆವ ಇಲ್ಲ," ಎಂದಳು. "ಕನ್ಸೋಲು ಕೂತಾಯ್ತು."

"ನೆವ ಬೇಕಾಗಿರೋದು ನನಗಲ್ಲ." ಅವನು ಮುಚ್ಚಳವನ್ನು ಅವಳ ಕೈಗೆ ಕೊಟ್ಟ, ಕೈ ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ನನಗೆ ನೀನು ಬೇಕು, ಮಾರ್ನಿ. ಅಡಗಿಸಿ ಇಟ್ಕೊಳ್ಳೋಕಲ್ಲ. ಬಟ್ಟೆ ಸುತ್ತಿ ಗಲ್ಲಾಪೆಟ್ಟಿಗೆ ಕೆಳಗೆ ಇಡೋ ಸಾಮಾನಾ ನೀನು?"

"ಗಲ್ಲಾಪೆಟ್ಟಿಗೆ ಕೆಳಗೆ?"

"ಈ ಕನ್ಸೋಲು ಮೊದಲ ವಾರದಿಂದ ಅಲ್ಲೇ ಇತ್ತು."

"ಕಳ್ಳ!" ಎಂದು ಅವಳು ಅವನ ತೋಳಿಗೆ ಹೊಡೆದಳು. ಹೊಡೆದ ಕೈ ಅಲ್ಲೇ ಉಳಿಯಿತು. ಕಣ್ಣು ತುಂಬಿ ಬಂತು. "ನನಗೂ ನೀನು ಬೇಕು, ಎಲ್ಡನ್. ಆದ್ರೆ ಅವಳ ಎದುರಿಗೆ ನಿಂತ್ರೆ ನನಗೆ ಬಾಯೇ ಬರಲ್ಲ. ನನಗೋಸ್ಕರ ತನ್ನ ಬಾಳನ್ನೇ ಬಿಟ್ಟವಳು ಅವಳು. ನಾನೀಗ ನನ್ನದನ್ನ ತಗೊಂಡು ಹೊರಟೆ ಅಂತ ಹೇಗೆ ಹೇಳ್ಲಿ?"

ಅವನು ಕಂಬಳಿಯನ್ನು ಅವಳ ಹೆಗಲವರೆಗೂ ಎಳೆದು ಹೊದಿಸಿದ.

ಅಷ್ಟರಲ್ಲಿ ಹೊರಗೆ ಹಿಮದ ಮೇಲೆ ಹೆಜ್ಜೆ ಸಪ್ಪಳವಾಯಿತು, ಕರ್ ಕರ್ ಎಂದು, ನಿಧಾನವಾಗಿ, ತಡವರಿಸುತ್ತ. ಕಣ್ಣು ಸರಿಯಾಗಿ ಕಾಣದವಳು, ಹಿಮ ಬಿದ್ದ ಮೇಲೆ ಮೆಟ್ಟಿಲು ಇಳಿಯದವಳು, ಒಬ್ಬಳೇ ಹಿತ್ತಲು ದಾಟಿ ಬರುತ್ತಿದ್ದಳು.

ಬಾಗಿಲಿಗೆ ಗುದ್ದು ಬಿತ್ತು.

"ಮಾರ್ನಿ! ಬದುಕಿದ್ದೀಯೇನೇ?"

"ಇದ್ದೀನಿ ಅಕ್ಕ!"

"ಎಷ್ಟು ಒತ್ತಿದ್ರೂ ಬಾಗಿಲು ಏಳ್ತಿಲ್ಲ. ಮೋಟಾರು ಕೆಟ್ಟಿರ್ಬೇಕು. ಕೆಂಪು ಹಗ್ಗ ಎಳಿ!"

ಒಳಗಿದ್ದ ಇಬ್ಬರೂ ಈಗ ಹಗ್ಗದ ಕಡೆ ನೋಡಿದರು.

"ಯಾಕೆ, ಹಗ್ಗ ಇಲ್ವಾ?"

"...ಇದೆ."

"ಎಷ್ಟು ಹೊತ್ತಿಂದ ಇದೆ?"

ಎಲ್ಡನ್ ಬಾಯಿಗೆ ಕೈ ಅಡ್ಡ ಹಿಡಿದ. ಮಾರ್ನಿ ಕಾರಿನಿಂದ ಇಳಿದಳು. ಕೆಂಪು ಹಿಡಿ ಕಣ್ಣಿನ ಮಟ್ಟದಲ್ಲೇ ಇತ್ತು. ಎಲ್ಡನ್ ಮುಂದೆ ಬರಲಿಲ್ಲ. ಎಳೆಯಬೇಕಾದವಳು ಯಾರೆಂದು ಅವನಿಗೆ ಗೊತ್ತಿತ್ತು. ಅವಳು ಎರಡೂ ಕೈಯಲ್ಲಿ ಜಗ್ಗಿದಳು. ಖಟ್ ಎಂದಿತು. ಇಬ್ಬರೂ ಸೇರಿ ಬಾಗಿಲನ್ನು ಎತ್ತಿದರು.

ಏಪ್ರನ್ನಿನ ಮೇಲೆ ಕೋಟು, ಎರಡು ಕಾಲಿಗೆ ಎರಡು ಬೇರೆ ಬೂಟು, ಕೈಯಲ್ಲಿ ರಿಮೋಟು. ಡೋರೀನ್ ತಂಗಿಯ ಮುಖವನ್ನು ಹತ್ತಿರದಿಂದ ನೋಡಿದಳು, ಆಮೇಲೆ ಅವನನ್ನು.

"ನೀನು ಹಾರ್ಯು ಮನೆಯವನಲ್ವಾ? ಏಳನೇ ನಂಬರ್ ಬಸ್ಸು. ದಿನಾ ತಡವಾಗಿ ಓಡಿ ಬರ್ತಿದ್ದವನು."

"ಆ ಅಭ್ಯಾಸ ಇನ್ನೂ ಹೋಗಿಲ್ಲ, ಮೇಡಂ."

"ಅಕ್ಕ," ಎಂದಳು ಮಾರ್ನಿ. "ಲೈಟು ಕೆಟ್ಟಿರಲಿಲ್ಲ. ಮೋಟಾರೂ ಕೆಟ್ಟಿಲ್ಲ. ನಿನ್ನ ರಿಮೋಟನ್ನ ಅಳಿಸಿದ್ದು ನಾನೇ, ಬೇಕು ಅಂತಲೇ. ಕ್ಲಿನಿಕ್ಕಲ್ಲಿ ಕೆಲಸ ಅಂತ ಹೋಗಿದ್ದು ಇವನ ಜೊತೆ ಊಟಕ್ಕೆ. ನನಗೆ ಇವನು ಬೇಕು, ಅಕ್ಕ. ಮತ್ತೆ... ನನ್ನ ಬಾಗಿಲನ್ನ ನಾನೇ ತೆಗೀಬೇಕು."

ಡೋರೀನ್‌ಳ ಹೆಬ್ಬೆರಳು ಸತ್ತ ರಿಮೋಟಿನ ಮೇಲೆ ಓಡಾಡುತ್ತಿತ್ತು.

"ಆವತ್ತು ಸಂಜೆ ನಿನಗೆ ಜಡೆ ಹಾಕ್ತಾ ಈ ಬಾಗಿಲ ಸದ್ದಿಗೇ ಕಾಯ್ತಿದ್ದೆ," ಎಂದಳು ಕೊನೆಗೆ. "ಜಡೆ ಬಿಚ್ಚಿದೆ, ಮತ್ತೆ ಹಾಕಿದೆ. ಸದ್ದು ಬರಲೇ ಇಲ್ಲ. ಅಪ್ಪ ಅಮ್ಮ ಬರಲೇ ಇಲ್ಲ. ಆಮೇಲೆ ಈ ಬಾಗಿಲನ್ನ ಇನ್ನೊಬ್ಬರ ಕೈಗೆ ಬಿಡೋಕೆ ನನಗೆ ಆಗ್ಲಿಲ್ಲ. ಈಗಷ್ಟೇ ಒತ್ತಿ ಒತ್ತಿ ನೋಡಿದೆ, ಸದ್ದೇ ಇಲ್ಲ. ಮತ್ತೆ ಆವತ್ತಿನ ಹಾಗೇ ಆಯ್ತು ಅನ್ಕೊಂಡೆ ಕಣೇ."

ಮಾರ್ನಿ ಅಕ್ಕನನ್ನು ಅಪ್ಪಿಕೊಂಡು ಅತ್ತಳು. ಡೋರೀನ್ ಅಳಲಿಲ್ಲ. ತಂಗಿಯ ಬೆನ್ನು ತಟ್ಟುತ್ತ, ಅವಳ ಹೆಗಲ ಮೇಲಿಂದ ಎಲ್ಡನ್‌ನನ್ನು ಗದರಿದಳು.

"ಏನಯ್ಯ ನೋಡ್ತಾ ನಿಂತೆ? ಇದನ್ನ ಅಳಿಸೋಕೆ ಬಂತು, ಕಲಿಸೋಕೆ ಬರಲ್ವಾ?"

ಹಗ್ಗ ಮತ್ತೆ ಸಿಕ್ಕಿಸಿದರು, ಬಾಗಿಲು ಇಳಿಸಿದರು. ಎಲ್ಡನ್ ಏಣಿಯ ಮೇಲೆ, ಮಾರ್ನಿ ಚಾಲಕನ ಸೀಟಿನಲ್ಲಿ, ಪಕ್ಕದಲ್ಲಿ ಡೋರೀನ್. ಅಕ್ಕ ರಿಮೋಟನ್ನು ಚಾವಣಿಗೆ ಹತ್ತಿರ ಹಿಡಿದಳು. ಮಾರ್ನಿ ಆ ಕೈಯ ಕೆಳಗೆ ತನ್ನ ಕೈ ಕೊಟ್ಟಳು. ಇಬ್ಬರೂ ಒಟ್ಟಿಗೆ ಒತ್ತಿದರು. ಪುಟ್ಟ ದೀಪ ಮೊದಲು ನಿಧಾನವಾಗಿ ಮಿನುಗಿತು, ಆಮೇಲೆ ಅವಸರ ಅವಸರವಾಗಿ. ಎಲ್ಡನ್ ಮೋಟಾರಿನ ಗುಂಡಿ ಒತ್ತಿ, ಈ ಸಲ ಬಿಟ್ಟ. "ಈಗ!" ಎಂದ.

ಮಾರ್ನಿ ಮೊದಲ ಗುಂಡಿ ಒತ್ತಿದಳು, ಇನ್ನೊಮ್ಮೆ ಒತ್ತಿದಳು. ಬಾಗಿಲು ಗಡಗಡ ಎನ್ನುತ್ತ ಎದ್ದಿತು. ಗಲ್ಲಿಯ ಬಿಳಿ ಬೆಳಕು ಮೂವರ ಮುಖಕ್ಕೂ ಬಡಿಯಿತು.

"ಮಿಕ್ಕ ಎರಡು ಗುಂಡಿ ಯಾತಕ್ಕೆ?" ಎಂದು ಕೇಳಿದಳು ಡೋರೀನ್.

ಎಲ್ಡನ್‌ನ ಕಿವಿಯ ಬಣ್ಣ ಡೋರೀನ್‌ಳ ಮಂಜುಗಣ್ಣಿಗೂ ಕಂಡಿತು.

"ನಿನ್ನ ಮನೆಗೂ ಗ್ಯಾರೇಜು ಇದೆಯಾ?"

"ಇದೆ, ಮೇಡಂ. ರೈಲು ಹಳಿ ಆಚೆ. ಈಗ ಅದರಲ್ಲಿ ದೋಣಿ ಇದೆ."

"ದೋಣಿ ಆಚೆಗೆ ಹಾಕು. ಎರಡನೇ ಗುಂಡಿಗೆ ಆ ಬಾಗಿಲು ಕಲಿಸು. ಇವತ್ತೇ ಕಲಿಸು, ಬೆಳಕಿರುವಾಗಲೇ." ಅವಳು ಇಳಿಯಲು ಹೊರಟು ನಿಂತಳು. ರಿಮೋಟನ್ನು ಎಲ್ಡನ್‌ನ ಕಡೆ ಚಾಚಿದಳು, ಕೈ ಪೂರ್ತಿ ನೀಡಲಿಲ್ಲ. "ಮೊದಲು ನನ್ನದಕ್ಕೂ ಮತ್ತೆ ಕಲಿಸಿಕೊಡು. ಹೋಗುವಾಗ ಬಾಗಿಲು ನೀನೇ ತೆಗಿಯೇ, ಮಾರ್ನಿ. ಬರುವಾಗ ಮಾತ್ರ ಹಾರ್ನ್ ಹೊಡಿ. ನಾನು ತೆಗೀತೀನಿ."